ಬೆಲೆ ಇಳಿದ ಕಾರು, ಇಳಿಯದ ಖರ್ಚು

ಮೊನ್ನೆ ಭಾನುವಾರ ಬೆಳಿಗ್ಗೆ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಮನೆಗೆ ಬಂದಿದ್ದರು. ಅವರ ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಅವಳೂ ಜೊತೆಗಿದ್ದಳು. ಕಾಫಿ ಮುಗಿಸಿ ಯಜಮಾನರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬಿಳಿಯ ಬಿ.ಎಂ.ಡಬ್ಲ್ಯು. ಕಾರು. 3 ಸೀರೀಸ್, 320ಡಿ, 2013ರ ಮಾಡೆಲ್. ಓಡಿರುವುದು 82,000 ಕಿಲೋಮೀಟರ್.

"ಮೇಷ್ಟ್ರೇ, ಹೊಸದರಲ್ಲಿ ಮೂವತ್ತು ಲಕ್ಷದ ಗಾಡಿ. ಈಗ ಒಂಬತ್ತೂವರೆಗೆ ಕೊಡ್ತಾರಂತೆ. ಒಂದು ಹೊಸ ಸಣ್ಣ ಕಾರಿನ ಬೆಲೆ ಅಷ್ಟೇ! ನೀವು ವಿಜ್ಞಾನ ಓದಿದವರು, ಹೇಳಿ. ಮೈಲೇಜ್ ಎಷ್ಟು ಕೊಟ್ಟೀತು?"

2025ರಲ್ಲಿ ಕೊಬ್ಬರಿಗೆ ದಾಖಲೆ ಬೆಲೆ ಬಂದದ್ದು ನಿಮಗೆ ನೆನಪಿರಬಹುದು. ಆ ವರ್ಷದ ಉಳಿತಾಯವೂ ಸೇರಿ ಅವರ ಬಳಿ ಹದಿನೈದು ಲಕ್ಷ ರೂಪಾಯಿ ಇತ್ತು. ಮಗಳ ಇಂಜಿನಿಯರಿಂಗ್ ಓದಿಗೆಂದು ತೆಗೆದಿಟ್ಟ ಹಣ. "ಕಾರಿಗೆ ಒಂಬತ್ತೂವರೆ ಹೋದರೂ ಐದೂವರೆ ಉಳಿಯುತ್ತಲ್ಲ, ಫೀಸು ಹಾಸ್ಟೆಲ್ಲಿಗೆ ಸಾಕು" ಎಂಬುದು ಅವರ ಲೆಕ್ಕ. ಮಗಳು ಮಾತನಾಡಲಿಲ್ಲ.

ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಇಪ್ಪತ್ತೈದು ವರ್ಷ ಟೆಂಪೋದಲ್ಲಿ ಮೂಟೆಗಳ ಜೊತೆ ಓಡಾಡಿದ ಮನುಷ್ಯ. ಒಮ್ಮೆ ಒಳ್ಳೆಯ ಕಾರಿನಲ್ಲಿ ಕೂರಬೇಕೆನ್ನಿಸಿದರೆ ತಪ್ಪೇನು? ನಾನೂ ನೌಕರಿಗೆ ಸೇರಿದ ಹೊಸದರಲ್ಲಿ ಒಂಬತ್ತು ಸಾವಿರಕ್ಕೆ ಹಳೆಯ ಸ್ಕೂಟರೊಂದನ್ನು ಕೊಂಡು, ಎರಡೇ ವರ್ಷದಲ್ಲಿ ಐದು ಸಾವಿರ ರಿಪೇರಿಗೆ ಸುರಿದವನು. ಆದರೆ ಅವರು ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದಲ್ಲ ಎನ್ನಿಸಿತು. ಹಳೆಯ ಕಾರಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಮೈಲೇಜನ್ನಲ್ಲ.

ನನಗೆ ಕಾರು ರಿಪೇರಿ ಬಾರದು. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಕಾರುಗಳದೇ ಗ್ಯಾರೇಜ್ ಇಟ್ಟಿದ್ದಾನೆ. ಅಲ್ಲೇ ಅವನಿಗೆ ಫೋನು ಹಚ್ಚಿದೆ. ಅವನು ಹೇಳಿದ್ದನ್ನೂ ಅದರ ಹಿಂದಿನ ವಿಜ್ಞಾನವನ್ನೂ ಸೇರಿಸಿ ಈ ವಾರದ ಪಾಠ ಮಾಡಿದ್ದೇನೆ. ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥ ಮಾತು ನಡೆದಿರಬಹುದು.

ಹಿಂಬದಿಯ ಚೈನು

ಈ ಮಾದರಿಯ ಕಾರು ಅಳತೆಯಲ್ಲಿ ಬಹಳ ದೊಡ್ಡದಲ್ಲ. ಚೆನ್ನೈ ಬಳಿಯ ಕಾರ್ಖಾನೆಯಲ್ಲಿ 2007ರಿಂದ ಇದರ ಜೋಡಣೆ ನಡೆದಿದೆ. ನಾವು ಹೇಳುತ್ತಿರುವ 2013ರ ಕಾರಿನಲ್ಲಿರುವುದು ಎನ್47 ಎಂಬ ಎರಡು ಲೀಟರಿನ ಡೀಸೆಲ್ ಎಂಜಿನ್. ಶಕ್ತಿಯಲ್ಲೂ ಇಂಧನದ ಮಿತವ್ಯಯದಲ್ಲೂ ಒಳ್ಳೆಯ ಹೆಸರು ಪಡೆದದ್ದು. ಅದರ ಕೆಟ್ಟ ಹೆಸರೆಲ್ಲ ಒಂದು ಚೈನಿನಿಂದ.

ನಾಲ್ಕು ಹೊಡೆತದ ಎಂಜಿನ್ನಿನ ಪಾಠ ನೆನಪಿಸಿಕೊಳ್ಳಿ. ಗಾಳಿಯನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು. ಪಿಸ್ಟನ್ನಿನ ಈ ಓಡಾಟಕ್ಕೆ ಸರಿಯಾಗಿ ಕವಾಟಗಳು ತೆರೆದು ಮುಚ್ಚಬೇಕು. ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಇವೆರಡನ್ನೂ ಬೆಸೆದು ತಾಳ ತಪ್ಪದಂತೆ ನೋಡಿಕೊಳ್ಳುವುದೇ ಟೈಮಿಂಗ್ ಚೈನು. ಸೈಕಲ್ ಚೈನಿನ ಅಣ್ಣನೆನ್ನಿ. ಅದು ಅಲುಗಾಡದಂತೆ ಪಕ್ಕದಲ್ಲಿ ಪ್ಲಾಸ್ಟಿಕ್ ಪಟ್ಟಿಗಳು, ಬಿಗಿಯಾಗಿಡಲು ಎಣ್ಣೆಯ ಒತ್ತಡದಿಂದ ನಡೆಯುವ ಟೆನ್ಷನರ್ ಇರುತ್ತವೆ.

ಇದು ಎಷ್ಟು ಸುತ್ತುತ್ತದೆ ಗೊತ್ತೆ? ಕಾರು ಸರಾಸರಿ ಗಂಟೆಗೆ 50 ಕಿ.ಮೀ. ಓಡಿದರೆ ಒಂದು ಲಕ್ಷ ಕಿ.ಮೀ. ಮುಗಿಯಲು 2,000 ಗಂಟೆ, ಅಂದರೆ 1,20,000 ನಿಮಿಷ ಬೇಕು. ಎಂಜಿನ್ನಿನ ವೇಗ ಸರಾಸರಿ ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಂಡರೂ ಕ್ರ್ಯಾಂಕ್ ಶಾಫ್ಟ್ 24 ಕೋಟಿ ಸುತ್ತು ತಿರುಗಿರುತ್ತದೆ. ಇಷ್ಟು ಉಜ್ಜಾಟದಲ್ಲಿ ಚೈನಿನ ಪ್ರತಿ ಕೀಲೂ ಕೂದಲೆಳೆಯಷ್ಟು ಸವೆದರೂ ಸಾಕು, ಇಡೀ ಚೈನು ಉದ್ದವಾಗಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಮುರಿಯುತ್ತದೆ. ಮುಂದೆ ಚೈನೇ ತುಂಡಾದರೆ ಕವಾಟ ತೆರೆದಿರುವಾಗಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಅಲ್ಲಿಗೆ ಎಂಜಿನ್ನಿನ ಕತೆ ಮುಗಿಯಿತು.

ಚೈನು ಸವೆಯುವುದು ಎಲ್ಲ ಎಂಜಿನ್ನಿಗೂ ಇದ್ದದ್ದೇ. ಇಲ್ಲಿನ ವಿಶೇಷವೆಂದರೆ ಚೈನು ಎಂಜಿನ್ನಿನ ಮುಂದಿಲ್ಲ, ಹಿಂದಿದೆ, ಗೇರ್‌ಬಾಕ್ಸಿಗೆ ಅಂಟಿಕೊಂಡಂತಿದೆ. ಹಿಂಬದಿಯಲ್ಲಿ ಭಾರವಾದ ಫ್ಲೈವೀಲ್ ಇರುವುದರಿಂದ ಅಲ್ಲಿ ತಿರುಗುವಿಕೆಯ ಏರಿಳಿತ ಕಡಿಮೆ. ಎಂಜಿನ್ನಿನ ಮುಂಭಾಗವೂ ತಗ್ಗಾಗುತ್ತದೆ. ವಿನ್ಯಾಸಕಾರನ ದೃಷ್ಟಿಯಲ್ಲಿ ಜಾಣತನವೇ. ಆದರೆ ಮೆಕ್ಯಾನಿಕ್ಕಿನ ದೃಷ್ಟಿಯಲ್ಲಿ? ಆ ಚೈನನ್ನು ಮುಟ್ಟಬೇಕಾದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಚೈನಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು.

ಯೂರೋಪಿನಲ್ಲಿ, ಅದರಲ್ಲೂ ಬ್ರಿಟನ್ನಿನಲ್ಲಿ, ಈ ಚೈನಿನ ಬಗ್ಗೆ ಮಾಲೀಕರಿಂದ ಬಹಳ ದೂರುಗಳು ಬಂದವು. 2007ರಿಂದ 2011ರವರೆಗಿನ ಎಂಜಿನ್‌ಗಳಲ್ಲಿ ತೊಂದರೆ ಹೆಚ್ಚು. ನಂತರ ಬಿಡಿಭಾಗಗಳನ್ನು ಸುಧಾರಿಸಿದರು. ಹಾಗೆಂದು 2013ರ ಕಾರು ಕೊಳ್ಳುವವರು ಇದನ್ನು ಮರೆಯುವಂತಿಲ್ಲ. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಕಾರಿನಲ್ಲಿ ಚೈನು ಬಹುಕಾಲ ಬಾಳುತ್ತದೆ. "10,000 ಕಿಲೋಮೀಟರಿಗೆ ಒಂದು ಸಲ ಎಣ್ಣೆ ಬದಲಿಸಿದ್ದಾರೋ ಇಲ್ಲವೋ, ಅದನ್ನು ನೋಡಿ ಸರ್" ಎಂದ ನನ್ನ ವಿದ್ಯಾರ್ಥಿ.

ಹೊಗೆಯನ್ನು ತಣಿಸುವ ಕೂಲರ್

ಎಂಜಿನ್ನಿನೊಳಗೆ ಶಾಖ ಬಹಳ ಏರಿದರೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಸೇರಿ ಸಾರಜನಕದ ಆಕ್ಸೈಡ್‌ಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಕೆಡುಕು. ಇದನ್ನು ತಗ್ಗಿಸಲು ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೇ ಉಣಿಸುತ್ತಾರೆ. ಆಗ ಆಮ್ಲಜನಕದ ಪ್ರಮಾಣ ತಗ್ಗಿ ಉರಿಯ ಶಾಖ ಇಳಿಯುತ್ತದೆ. ಇದೇ ಇ.ಜಿ.ಆರ್. ವ್ಯವಸ್ಥೆ. ಹೊಗೆಯನ್ನು ತಣಿಸುವ ಕೂಲರಿನಲ್ಲಿ ಹರಿಯುವುದು ಗ್ಲೈಕಾಲ್ ಬೆರೆಸಿದ ನೀರು.

ಈ ಕೂಲರ್ ಬಿರುಕು ಬಿಟ್ಟರೆ ಗ್ಲೈಕಾಲ್ ಒಸರಿ ಮಸಿಯೊಡನೆ ಸೇರಿ ಜಿಗುಟಾಗಿ ಕೂರುತ್ತದೆ. ಬಿಸಿ ಹೊಗೆ ತಗುಲಿದಾಗ ಅದು ಹೊತ್ತಿಕೊಳ್ಳಬಹುದು. 2018ರಲ್ಲಿ ದಕ್ಷಿಣ ಕೊರಿಯದಲ್ಲಿ ಈ ಕಂಪನಿಯ ಹಲವಾರು ಡೀಸೆಲ್ ಕಾರುಗಳು ಹೀಗೆ ಹೊತ್ತಿ ಉರಿದು ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಡೀಸೆಲ್ ಕಾರುಗಳನ್ನು ತಪಾಸಣೆಗೆ ವಾಪಸು ಕರೆಯಿತು. ಕೊಳ್ಳುವ ಕಾರಿನ ಚಾಸಿಸ್ ನಂಬರನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಟ್ಟರೆ ಅದು ಈ ಪಟ್ಟಿಯಲ್ಲಿತ್ತೆ, ಕೆಲಸ ಆಗಿದೆಯೆ ಎಂದು ಹೇಳುತ್ತಾರೆ. ಹೀಗೆ ವಾಪಸು ಕರೆದ ಕೆಲಸಕ್ಕೆ ಮಾಲೀಕ ಹಣ ಕೊಡಬೇಕಿಲ್ಲ. ಇದನ್ನು ವಿಚಾರಿಸದೆ ಡೀಸೆಲ್ ಕಾರು ಕೊಳ್ಳಬೇಡಿ.

ಪ್ಲಾಸ್ಟಿಕ್ಕಿನ ಮುಪ್ಪು

ನಮ್ಮ ಹಿತ್ತಲಿನ ಪ್ಲಾಸ್ಟಿಕ್ ಬಕೆಟ್ಟು ಬಿಸಿಲಲ್ಲಿ ಎರಡು ವರ್ಷ ಇದ್ದರೆ ಏನಾಗುತ್ತದೆ? ಮುಟ್ಟಿದರೆ ಚೂರಾಗುತ್ತದೆ. ಬಾನೆಟ್ಟಿನ ಕೆಳಗೂ ನಡೆಯುವುದು ಇಂಥದೇ. ದಿನವೂ ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಹತ್ತು ಹನ್ನೆರಡು ವರ್ಷದಲ್ಲಿ ನೀರಿನ ಪೈಪು, ಟ್ಯಾಂಕು, ಎಣ್ಣೆಯ ಗ್ಯಾಸ್ಕೆಟ್ಟುಗಳು ಗಡುಸಾಗಿ ಸೀಳುತ್ತವೆ. ಕಾರು ಕಡಿಮೆ ಓಡಿದೆ ಎಂದ ಮಾತ್ರಕ್ಕೆ ರಬ್ಬರಿಗೆ ವಯಸ್ಸಾಗದೆ ಇರುವುದಿಲ್ಲ.

ಥರ್ಮೋಸ್ಟಾಟ್ ಎಂಬ ಪುಟ್ಟ ಸಾಧನವೂ ಈ ಕಾರಿನಲ್ಲಿ ಕೆಡುವುದುಂಟು. ಅದರೊಳಗೆ ಮೇಣವಿರುತ್ತದೆ. ಬಿಸಿಯಾದಾಗ ಮೇಣ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ನೀರು ರೇಡಿಯೇಟರಿಗೆ ಹರಿಯುತ್ತದೆ. ಕವಾಟ ತೆರೆದೇ ಉಳಿದುಬಿಟ್ಟರೆ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಮಸಿ ಹೆಚ್ಚುತ್ತದೆ.

ಜೀವಮಾನದ ಎಣ್ಣೆ

ಈ ಕಾರಿನ ಎಂಟು ವೇಗದ ಸ್ವಯಂಚಾಲಿತ ಗೇರ್‌ಬಾಕ್ಸನ್ನು ತಯಾರಿಸಿದ್ದು ಜರ್ಮನಿಯ ಝಡ್.ಎಫ್. ಕಂಪನಿ. ಬಹಳ ಗಟ್ಟಿ ಯಂತ್ರ. ಅದರ ಎಣ್ಣೆ ಜೀವಮಾನಕ್ಕೆಲ್ಲ ಸಾಕು ಎಂದು ಕಾರು ಮಾರುವವರು ಹೇಳುತ್ತಿದ್ದರು. ಆದರೆ ಗೇರ್‌ಬಾಕ್ಸ್ ತಯಾರಿಸಿದ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಯಾರ ಜೀವಮಾನ ಎಂಬುದೇ ಪ್ರಶ್ನೆ! ಮೊದಲ ಮಾಲೀಕನ ಕೈಯಲ್ಲಿ ಇರುವಷ್ಟು ಕಾಲವೆ, ನಿಮ್ಮ ಕೈಯಲ್ಲೂ ಬಾಳಬೇಕಾದ ಕಾಲವೆ? ಈ ಗೇರ್‌ಬಾಕ್ಸಿನ ತಳದ ಪ್ಲಾಸ್ಟಿಕ್ ತಟ್ಟೆಯಲ್ಲೇ ಫಿಲ್ಟರ್ ಕೂಡಿಕೊಂಡಿದೆ. ಆದ್ದರಿಂದ ಫಿಲ್ಟರ್ ಬದಲಿಸಲು ಇಡೀ ತಟ್ಟೆಯನ್ನೇ ಬದಲಿಸಬೇಕು. 82,000 ಓಡಿದ ಕಾರು ಈ ಖರ್ಚಿನ ಹೊಸ್ತಿಲಲ್ಲೇ ನಿಂತಿದೆ.

ಟೈರು ಮತ್ತು ಬ್ಯಾಟರಿ

ಇಂಥ ಕಾರುಗಳಿಗೆ ಸಾಮಾನ್ಯವಾಗಿ ರನ್‌ಫ್ಲಾಟ್ ಟೈರು ಹಾಕಿರುತ್ತಾರೆ. ಪಕ್ಕದ ಗೋಡೆ ದಪ್ಪ. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಅನುಕೂಲವೇನೋ ಸರಿ. ಆದರೆ ಗೋಡೆ ಬಿರುಸಾದ ಕಾರಣ ಗುಂಡಿಯ ಪೆಟ್ಟು ಚಕ್ರದ ರಿಮ್ಮಿಗೂ ಕೆಳಗಿನ ರಬ್ಬರ್ ಬುಷ್ಷುಗಳಿಗೂ ಹೋಗುತ್ತದೆ. ನಮ್ಮ ತಾಲ್ಲೂಕಿನ ರಸ್ತೆಗಳ ವಿಷಯ ಬಿಡಿಸಿ ಹೇಳಬೇಕೆ?

ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಮುಂದಿನ ಎಂಜಿನ್ನಿನ ಭಾರಕ್ಕೆ ಹಿಂದೆ ಸರಿದೂಗಲಿ ಎಂಬ ಉಪಾಯ. ಬ್ಯಾಟರಿಯ ವಯಸ್ಸನ್ನು ನೋಡಿಕೊಂಡು ಕಾರಿನ ಕಂಪ್ಯೂಟರ್ ಚಾರ್ಜ್ ಕೊಡುತ್ತದೆ. ಹೊಸ ಬ್ಯಾಟರಿ ಹಾಕಿದರೆ ಅದನ್ನು ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲವಾದರೆ ಮುದಿ ಬ್ಯಾಟರಿಗೆ ಕೊಟ್ಟಂತೆಯೇ ಹೊಸದಕ್ಕೂ ಕೊಟ್ಟು ಬೇಗ ಕೆಡಿಸುತ್ತದೆ. ಅಂದರೆ ಸ್ಪ್ಯಾನರ್ ಒಂದಿದ್ದರೆ ಸಾಲದು. ಆ ಕಾರಿನ ಭಾಷೆ ಬಲ್ಲ ಉಪಕರಣವೂ ಬೇಕು. ತಾಲ್ಲೂಕು ಊರಿನ ಎಲ್ಲ ಗ್ಯಾರೇಜಿನಲ್ಲೂ ಅದು ಸಿಗುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ

ನನ್ನ ವಿದ್ಯಾರ್ಥಿ ಫೋನಿನಲ್ಲಿ ಅಂದಾಜು ಹೇಳುತ್ತಾ ಹೋದ. ಯಜಮಾನರ ಮಗಳು ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದುಕೊಂಡಳು. ಇದು ಕಂಪನಿಯ ಸರ್ವಿಸ್ ಕೇಂದ್ರದ ದರವಲ್ಲ, ಹೊರಗಿನ ಗ್ಯಾರೇಜಿನ ಅಂದಾಜು. ಊರಿಂದ ಊರಿಗೆ ಹೆಚ್ಚು ಕಡಿಮೆಯಾಗುತ್ತದೆ. ಮುಂದಿನ ನಾಲ್ಕು ವರ್ಷದಲ್ಲಿ ಬರಬಹುದಾದ ಕೆಲಸಗಳು:

ಚೈನು, ಪಟ್ಟಿಗಳು, ಕೂಲಿ ಸೇರಿ: 1,50,000
ಗೇರ್‌ಬಾಕ್ಸ್ ಎಣ್ಣೆ ಮತ್ತು ತಟ್ಟೆ: 45,000
ರನ್‌ಫ್ಲಾಟ್ ಟೈರು ನಾಲ್ಕು: 72,000
ಬ್ಯಾಟರಿ: 25,000
ಬ್ರೇಕ್ ಪ್ಯಾಡು, ಡಿಸ್ಕು: 60,000
ಥರ್ಮೋಸ್ಟಾಟ್, ಪೈಪು, ಗ್ಯಾಸ್ಕೆಟ್: 35,000
ಸಸ್ಪೆನ್ಷನ್ ಬುಷ್, ಆರ್ಮ್: 60,000

ಒಟ್ಟು 4,47,000 ರೂಪಾಯಿ. ಇದರ ಮೇಲೆ ವರ್ಷದ ಸರ್ವಿಸ್ 25,000, ವಿಮೆ 25,000. ನಾಲ್ಕು ವರ್ಷಕ್ಕೆ 2,00,000. ಎಲ್ಲ ಸೇರಿ 6,47,000. ಇದರಲ್ಲಿ ಕೆಲವು ಬಾರದೆಯೂ ಇರಬಹುದು. ಪಟ್ಟಿಯಲ್ಲಿಲ್ಲದ್ದು ಬರಲೂಬಹುದು.

"ಈಗ ಡೀಸೆಲ್ಲಿನ ಲೆಕ್ಕ ಮಾಡಮ್ಮ" ಎಂದೆ. ವರ್ಷಕ್ಕೆ 10,000 ಕಿ.ಮೀ. ಎಂದರೆ ನಾಲ್ಕು ವರ್ಷಕ್ಕೆ 40,000. ಲೀಟರಿಗೆ 15 ಕಿ.ಮೀ., ಬೆಲೆ 90 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಆರು ರೂಪಾಯಿ. ರಿಪೇರಿ, ಸರ್ವಿಸ್, ವಿಮೆ? 6,47,000ವನ್ನು 40,000ದಿಂದ ಭಾಗಿಸಿದಳು. ಕಿಲೋಮೀಟರಿಗೆ ಹದಿನಾರು ರೂಪಾಯಿ ಚಿಲ್ಲರೆ!

ನೋಡಿದಿರಾ? ನಾವೆಲ್ಲ ಮೊದಲು ಕೇಳುವುದು ಆರು ರೂಪಾಯಿಯ ಪ್ರಶ್ನೆ. ಹದಿನಾರು ರೂಪಾಯಿಯ ಪ್ರಶ್ನೆಯನ್ನು ಕೇಳುವವರೇ ಇಲ್ಲ.

ಕಾರಣ ಸರಳ. ಹದಿಮೂರು ವರ್ಷದಲ್ಲಿ ಕಾರಿನ ಬೆಲೆ ಮೂವತ್ತರಿಂದ ಒಂಬತ್ತೂವರೆಗೆ ಇಳಿದಿದೆ. ಆದರೆ ಅದಕ್ಕೆ ಹಾಕುವ ಬ್ಯಾಟರಿ, ಟೈರು, ಚೈನು ಎಲ್ಲವೂ ಹೊಸವೇ. ಅವುಗಳಿಗೆ ಮೂವತ್ತು ಲಕ್ಷದ ಕಾರಿನ ದರ. ಸಾಮಾನ್ಯ ಸಣ್ಣ ಕಾರಿಗೆ ಐದಾರು ಸಾವಿರಕ್ಕೆ ಬ್ಯಾಟರಿ ಬರುತ್ತದೆ, ಇಪ್ಪತ್ತು ಸಾವಿರದೊಳಗೆ ನಾಲ್ಕು ಟೈರು. ಕಾರಿಗೆ ವಯಸ್ಸಾಗುತ್ತದೆ, ಬಿಡಿಭಾಗದ ಬೆಲೆಗೆ ವಯಸ್ಸಾಗುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. 2013ರ ಕಾರಿಗೆ ಅದು 2028ರಲ್ಲಿ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಹೊತ್ತಿಗೆ ಮಾರಲು ಹೋದರೆ ಕೊಳ್ಳುವವರು ಎಷ್ಟು ಕೊಟ್ಟಾರು ಎಂಬುದನ್ನೂ ಯೋಚಿಸಬೇಕು.

ಕೊಳ್ಳಲೇಬೇಕೆಂದರೆ

ಹಾಗಾದರೆ ಇಂಥ ಕಾರನ್ನು ಯಾರೂ ಕೊಳ್ಳಬಾರದೆ? ಹಾಗಲ್ಲ. ಬೆಲೆಯ ಜೊತೆಗೆ ರಿಪೇರಿಯ ಹಣವನ್ನೂ ಬೇರೆಯಾಗಿ ತೆಗೆದಿಡಬಲ್ಲವರು ಕೊಳ್ಳಬಹುದು. ಅವರು ಕೆಲವು ವಿಷಯ ಗಮನಿಸಲಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ, ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ಎಂಜಿನ್ನಿನ ಹಿಂಬದಿಯಿಂದ ಸರಪಳಿ ಎಳೆದಂಥ ಸದ್ದು ಬಂದರೆ ಚೈನಿನ ಮೇಲೆ ಅನುಮಾನವಿರಲಿ. ನೀವು ಹೋಗುವ ಮೊದಲೇ ಕಾರು ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ.

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವಿಲ್ಲ ಎಂದು ನಂಬಿ ಕೂರಬೇಡಿ. ಕಂಪ್ಯೂಟರಿನ ನೆನಪಿನಿಂದ ದೋಷಗಳನ್ನು ಅಳಿಸಿ ಮಾರುವವರಿದ್ದಾರೆ. ಆ ಕಂಪನಿಯ ಕಾರು ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನಿಂದ ಸ್ಕ್ಯಾನ್ ಮಾಡಿಸಿ. ಅದಕ್ಕೆ ಕೊಡುವ ಕೆಲವು ಸಾವಿರ ವ್ಯರ್ಥವಲ್ಲ.

ಸರ್ವಿಸಿನ ದಾಖಲೆ ಕೇಳಿ. ಎಣ್ಣೆ ಯಾವ ದಿನ, ಎಷ್ಟು ಕಿಲೋಮೀಟರಿಗೆ ಬದಲಾಗಿದೆ ಎಂದು ನೋಡಿದರೆ ಮೀಟರನ್ನು ಹಿಂದೆ ತಿರುಗಿಸಿದ್ದಾರೋ ಎಂಬುದೂ ಗೊತ್ತಾಗುತ್ತದೆ. ಸ್ಟಿಯರಿಂಗ್ ಚಕ್ರ, ಬ್ರೇಕ್ ಪೆಡಲ್ ನುಣ್ಣಗೆ ಸವೆದಿದ್ದು ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಎಲ್ಲೋ ತಪ್ಪಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಓದಿ. 3121 ಎಂದಿದ್ದರೆ 2021ರ 31ನೆಯ ವಾರ ತಯಾರಾದದ್ದು. ಟೈರಿನ ಮೇಲ್ಮೈ ಚೆನ್ನಾಗಿ ಕಂಡರೂ ವಯಸ್ಸು ಅಲ್ಲಿ ಅಡಗುವುದಿಲ್ಲ.

ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಬಿಡಿಭಾಗ ಅಗ್ಗಕ್ಕೆ ಸಿಗುತ್ತದಲ್ಲ ಎನ್ನಬಹುದು. ಬಾಗಿಲು, ಕನ್ನಡಿಗೆ ಅದು ಸರಿ. ಚೈನು, ಬ್ರೇಕಿನಂಥ ಸವೆಯುವ ಭಾಗಗಳನ್ನು ಹಳೆಯದು ತಂದು ಹಾಕುವುದೆಂದರೆ ಇನ್ನೊಬ್ಬರ ಸವೆತವನ್ನು ದುಡ್ಡು ಕೊಟ್ಟು ತಂದಂತೆ.

ಮಗಳು ಕಾಗದವನ್ನು ಅಪ್ಪನ ಮುಂದಿಟ್ಟಳು. ಹದಿನೈದರಲ್ಲಿ ಒಂಬತ್ತೂವರೆ ಕಳೆದರೆ ಐದೂವರೆ ಲಕ್ಷ. ಅದರಲ್ಲಿ 6,47,000 ಕಳೆಯಲು ಬರುವುದಿಲ್ಲ. 97,000 ಸಾಲ ತರಬೇಕು. ಡೀಸೆಲ್ ಬೇರೆ. ಅವಳ ಫೀಸು ಆ ಲೆಕ್ಕದೊಳಗೆ ಎಲ್ಲೂ ಇರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ.

ಯಜಮಾನರು ಬಹಳ ಹೊತ್ತು ಕಾಗದ ನೋಡಿದರು. "ಹಾಗಾದರೆ ಇದು ಕೆಟ್ಟ ಕಾರಾ ಮೇಷ್ಟ್ರೇ?"

"ಅಲ್ಲ ಯಜಮಾನರೇ. ಒಳ್ಳೆಯ ಕಾರು. ಮೂವತ್ತು ಲಕ್ಷದ ಕಾರನ್ನು ಸಾಕಬಲ್ಲವರಿಗೆಂದು ಮಾಡಿದ್ದು. ಮಾರುವವರು ಬೆಲೆಯನ್ನು ಮಾತ್ರ ಇಳಿಸಿದ್ದಾರೆ."

ಹೋಗುವಾಗ ಗೇಟಿನ ಬಳಿ ಮೆಲ್ಲಗೆ, "ಒಂದು ಮಾತು ನಿಮಗೆ ಹೇಳಲಿಲ್ಲ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೀನಿ. ವಾಪಸು ಕೊಡಲ್ಲ ಅಂದಿದ್ದಾರೆ" ಎಂದರು. ಹತ್ತು ಸಾವಿರ ಸಣ್ಣ ಮೊತ್ತವಲ್ಲ. ಆದರೆ ಹೋದ ಹತ್ತು ಸಾವಿರವನ್ನು ಉಳಿಸಿಕೊಳ್ಳಲು ಇನ್ನೂ ಹೋಗದ ಹದಿನಾರು ಲಕ್ಷವನ್ನು ಕಳೆಯಬೇಕೆ? ನಾನು ಉತ್ತರಿಸುವ ಮೊದಲೇ ಮಗಳು, "ಅದು ನನ್ನ ಟ್ಯೂಷನ್ ಫೀಸು ಅಂದ್ಕೊಳ್ಳಿ ಅಪ್ಪಾ" ಎಂದಳು. ಅವರು ನಕ್ಕರು. ಬುಧವಾರ ಫೋನು ಮಾಡಿ, ಕಾರು ಬೇಡವೆಂದು ಹೇಳಿಕಳಿಸಿದ್ದಾಗಿ ತಿಳಿಸಿದರು. ಅಡ್ವಾನ್ಸ್ ಬರಲಿಲ್ಲ.

ಈ ವಾರ ನಿಮಗೊಂದು ಮನೆಗೆಲಸ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ವಾಹನದ ಟೈರು ಯಾವ ವಾರ ತಯಾರಾದದ್ದು ಎಂದು ಓದಿ ಬನ್ನಿ. ಕಳೆದ ಒಂದು ವರ್ಷದ ಸರ್ವಿಸ್, ವಿಮೆ, ಪಂಕ್ಚರ್ ಎಲ್ಲದರ ಖರ್ಚು ಕೂಡಿಸಿ, ಓಡಿದ ಕಿಲೋಮೀಟರಿನಿಂದ ಭಾಗಿಸಿ. ಪೋಷಕರೇ, ಮಕ್ಕಳು ಕೇಳಿದಾಗ ಬಿಲ್ಲುಗಳನ್ನು ಬಚ್ಚಿಡಬೇಡಿ. ಭಾಗಾಕಾರ ಕಲಿಸಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಕಂಡಿಲ್ಲ.